ಬೋರ್ಡಿನ ಮೇಲಿನ ಕೊನೆಯ ವೃತ್ತ

ವೈಯಾಲಿಕಾವಲ್, ಭಾನುವಾರ

ಪ್ರಾಂಶುಪಾಲರಾದ ವೀರಭದ್ರಯ್ಯನವರಿಗೆ ನಮಸ್ಕಾರ.

ನಾಳೆಯಿಂದ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ಸ್ ಬೇರೆ ಯಾರಿಗಾದರೂ ವಹಿಸಿಬಿಡಿ. ಪ್ಲೇಟಿನ ಮೇಲೆ ತಂತಿಯಿಂದ ಬ್ಯಾಕ್ಟೀರಿಯಾದ ಗೆರೆ ಎಳೆಯುವಾಗ ನನ್ನ ಕೈ ನಡುಗಿ, ಅದರಲ್ಲಿ ಹೆಪ್ಪುಗಟ್ಟಿದ ಅಗರ್ ಸೀಳಿಹೋಗುತ್ತಿದೆ. "ಕಾಫಿ ಜಾಸ್ತಿ ಆಯ್ತು ಕಣ್ರೋ" ಎಂದು ಹುಡುಗರನ್ನು ನಗಿಸಿದ್ದೇನೆ.

ಜೆನೆಟಿಕ್ಸ್ ಪಾಠ ಮಾತ್ರ ಕೈಲಾದಷ್ಟು ದಿನ ನಾನೇ ಮಾಡುತ್ತೇನೆ. ಆದರೆ ಈ ವರ್ಷ ನನ್ನ ಕ್ಲಾಸಿಗೇ ಬಂದಿರುವ ನನ್ನ ಮಗಳು ಸಾನ್ವಿಯನ್ನು ಬೇರೆ ಸೆಕ್ಷನ್ನಿಗೆ ಹಾಕಿ. ಕೆಲಸಕ್ಕೆ ಸೇರಿದಾಗಿನಿಂದ ವಂಶವೃಕ್ಷದ ಪಾಠಕ್ಕೆ ನಾನು ಬಿಡಿಸುವುದು ಒಂದೇ ಕುಟುಂಬ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಸೀಮೆಸುಣ್ಣ. ಕೈನಡುಕದಿಂದ ಶುರುವಾಗಿ ಬುದ್ಧಿಯನ್ನೂ ಕಸಿಯುವ ಕಾಯಿಲೆ. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದು ಬಳೇಪೇಟೆಯ ನಮ್ಮದೇ ಮನೆತನವೆಂದು ಯಾರಿಗೂ ಹೇಳಿಲ್ಲ. ಸಾನ್ವಿ ನೋಡಿದರೆ ಸುಣ್ಣ ತುಂಬಿದ ಚೌಕದಲ್ಲಿ ಅಜ್ಜನನ್ನು ಗುರುತಿಸಿಬಿಡುತ್ತಾಳೆ. ಕೊನೆಯ ವೃತ್ತ ನಾನು. ಅದನ್ನು ಪ್ರತಿ ವರ್ಷ ಖಾಲಿ ಬಿಡುತ್ತಿದ್ದೆ.

ನಿನ್ನೆ ಸೀನಿಯರ್ ಬ್ಯಾಚಿಗೆ ಬಿಡಿಸುವಾಗ ನನಗೇ ತಿಳಿಯದೆ ಅದಕ್ಕೂ ಸುಣ್ಣ ತುಂಬಿದ್ದೆ. ಒಬ್ಬ ಹುಡುಗಿ, "ಮೇಡಂ, ಇವ್ರಿಗೆ ಮಕ್ಕಳಿದಾರಾ?" ಎಂದಳು. ಬೆಲ್ ಆಯಿತೆಂದು ಹೊರಗೆ ಬಂದುಬಿಟ್ಟೆ. ಬೆಲ್ ಆಗಿರಲಿಲ್ಲ.

ಸಾನ್ವಿಗೆ ನಾನೇ ಹೇಳುತ್ತೇನೆ, ಪಕ್ಕದಲ್ಲಿ ಕೂತು. ಅಷ್ಟರೊಳಗೆ ಅವಳು ನನ್ನ ಕೈ ವಿಷಯ ಕೇಳಿದರೆ, ದಯವಿಟ್ಟು ನೀವೂ ಕಾಫಿ ಎಂದೇ ಹೇಳಿ.

ಇಂತಿ,
ಮಹಾನಂದ