ಗಾಳಿ ಸೋರುವ ಸದ್ದು

ಮಾರ್ಚ್ 4, ಮಧ್ಯಾಹ್ನ

ಕಲ್ಲು ಲಾರಿ ಮತ್ತೆ ನಮ್ಮ ರಿಪೇರಿ ಶೆಡ್ಡಿಗೆ ಬಂತು. ಹಿಂದೆ ಕಪ್ಪು ಹೊಗೆ, ಎಮ್ಮೆ ಮಂದೆ ಹೊರಟ ಹಾಗೆ. ಏರಿನಲ್ಲಿ ಎಳೆಯುವುದಿಲ್ಲ ಎಂದು ಡ್ರೈವರಣ್ಣನ ಗೋಳು. "ಯಜಮಾನ್ರೇ, ನಿನ್ನೆ ಸೈಕಲ್ಲಿನವನು ನನ್ನ ದಾಟಿ ಹೋದ. ತಿರುಗಿ ನೋಡಿ ನಕ್ಕ ಬೇರೆ." ಅಪ್ಪ ಪಂಪಿನ ಸ್ಕ್ರೂ ತಿರುಗಿಸಿ ಇನ್ನಷ್ಟು ಡೀಸೆಲ್ ಬಿಟ್ಟರು. ಊಟಕ್ಕೆ ಹೋದರು.

ನಾನು ಬಗ್ಗಿ ನೋಡಿದೆ… ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಸೀಳಿದೆ. ಆಕ್ಸಿಲರೇಟರ್ ಒತ್ತಿದರೆ ಬುಸ್ ಅನ್ನುತ್ತದೆ. ಅಪ್ಪನ ಕಿವಿ ಅದರಿಂದ ಒಂದು ಮೊಳ ದೂರದಲ್ಲಿತ್ತು.

ನನಗೆ ಈ ಕೆಲಸ ಕಲಿಸಿದವರೇ ಅವರು. ಒಂದು ಪಾಲು ಡೀಸೆಲ್ ಚೊಕ್ಕವಾಗಿ ಉರಿಯಲು ಇಪ್ಪತ್ತು ಪಾಲು ಗಾಳಿ ಬೇಕು. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಅದಕ್ಕೇ ಹೆಚ್ಚು ಡೀಸೆಲ್ ಕೊಡಬಹುದು, ಬಲ ಬರುತ್ತದೆ. ಗಾಳಿ ಇಲ್ಲದೆ ಬರೀ ಡೀಸೆಲ್ ಬಿಟ್ಟರೆ ಹೊಗೆ, ಬಿಸಿ, ಕೊನೆಗೆ ಪಿಸ್ಟನ್ನೇ ಕರಗುತ್ತದೆ. ಗೇಜ್ ಕಟ್ಟಿ ಅಳೆಯುವುದು ಅಪ್ಪನಿಗೆ ಆಗದು. ಟರ್ಬೊದ ಶಿಳ್ಳೆ ಕೇಳಿಯೇ ಗಾಳಿ ಎಷ್ಟಿದೆ ಎಂದು ಹೇಳುವವರು.

ಪೈಪು ಬದಲಿಸಿದೆ. ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಅಪ್ಪನಿಗೆ ಹೇಳಲಿಲ್ಲ.

ಮಾರ್ಚ್ 6

ಡ್ರೈವರಣ್ಣ ಹೊಗಳಿ ಹೋದ. "ಯಜಮಾನ್ರ ಕೈ ಅಂದ್ರೆ ಕೈ." ಅಪ್ಪ ಮೀಸೆಯಲ್ಲೇ ನಕ್ಕರು. ಪೈಪಿನ ಸದ್ದು ಅಪ್ಪನಿಗೆ ಕೇಳಿಸಲೇ ಇಲ್ಲ ಎಂದು ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಮನೇಲಿ ಟೀವಿ ಕಿರುಚೋದು ನೋಡಿಲ್ವಾ?" ಅಂದಳು. "ಅವ್ರಿಗೆ ಹೇಳ್ಬೇಡ ಕಣೆ. ಆ ಕಿವಿ ನಂಬ್ಕೊಂಡು ನಾಲ್ಕು ಜನ ಹುಡುಕ್ಕೊಂಡು ಬರ್ತಾರೆ."

ಮಾರ್ಚ್ 19

ಈಗ ಇದೇ ಕೆಲಸ. ಅಪ್ಪ ಒಂದು ಮಾಡುವುದು, ಅವರು ಆಚೆ ಹೋದ ಮೇಲೆ ನಾನು ಇನ್ನೊಂದು ಮಾಡುವುದು. ಕಳ್ಳತನದಲ್ಲಿ ಚೆನ್ನಾಗಿ ಪಳಗಿದ್ದೇನೆ.

ಸಂಜೆಯಿಂದ ಮೈ ಕೆಂಡ. ನಾಳೆ ಶೆಡ್ಡಿಗೆ ಹೋಗಲಾಗುತ್ತದೋ ಇಲ್ಲವೋ…

ಮಾರ್ಚ್ 27

ಜ್ವರ ಬಿಟ್ಟಿತು. ಶೆಡ್ಡಿಗೆ ಹೋದರೆ ಕಲ್ಲು ಲಾರಿಯನ್ನು ಇನ್ನೊಂದು ಲಾರಿ ಎಳೆದು ತಂದಿತ್ತು. ನಾನು ಮಲಗಿದ್ದಾಗ ಅದು ಮತ್ತೆ ರಿಪೇರಿಗೆ ಬಂದಿತ್ತಂತೆ. ಈ ಸಲ ಪೈಪಿನ ಕ್ಲಿಪ್ಪು ಸಡಿಲ. ಅಪ್ಪ ಮತ್ತೆ ಡೀಸೆಲ್ ಏರಿಸಿ ಕಳಿಸಿದ್ದಾರೆ. ಏರಿನ ನಡುವೆ ಪಿಸ್ಟನ್ ಕರಗಿ ಲಾರಿ ನಿಂತಿದೆ, ಹಿಂದಕ್ಕೆ ಜಾರಿ ಬಂಡೆಗೆ ಗುದ್ದಿದೆ. ಡ್ರೈವರಣ್ಣನ ತೋಳಿಗೆ ಪಟ್ಟಿ. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗಾಳಿ ಸೋರೋ ಸದ್ದು ನನಗೂ ಕೇಳಿಸ್ತಿತ್ತು ಯಜಮಾನ್ರೇ. ನೀವು ಕಿವಿ ಕೊಟ್ಟು ಕೇಳಿ, ಏನಿಲ್ಲ ಹೋಗು ಅಂದ್ರಿ. ನನ್ನ ಕಿವೀನೇ ಕೆಟ್ಟಿರಬೇಕು ಅಂದ್ಕೊಂಡೆ."

ಅಪ್ಪ ನನ್ನ ಕಡೆ ತಿರುಗಿದರು. "ನನ್ನ ಕಿವಿ ಹೀಗಾಗಿರೋದು ನಿಂಗೆ ಗೊತ್ತಿತ್ತಾ?"

ತಲೆ ತಗ್ಗಿಸಿದೆ.

"ಒಂದು ಮಾತು ಹೇಳ್ಬಾರದಿತ್ತಾ, ಮಗಳೇ."

ಕೈ ಒರೆಸಿಕೊಂಡು ಮನೆಗೆ ನಡೆದರು. ಸ್ಪ್ಯಾನರ್ ಅಲ್ಲೇ ನೆಲದಲ್ಲಿ.

ಏಪ್ರಿಲ್ 20

ಇಷ್ಟು ದಿನ ಅಪ್ಪ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಇವತ್ತು ನಾನು ಹೊಸ ಪಿಸ್ಟನ್ ಹಾಕಿದ ಕಲ್ಲು ಲಾರಿಯ ಎಂಜಿನ್ ಶುರು ಮಾಡುವ ದಿನ. ತಾವಾಗಿಯೇ ಬಂದರು. ಒಗೆದ ಅಂಗಿ ತೊಟ್ಟು, ನೆಂಟರ ಹಾಗೆ ಬಾಗಿಲಲ್ಲೇ ನಿಂತರು.

ಎಂಜಿನ್ ಶುರುವಾಯಿತು. ಅಪ್ಪ ತಲೆ ವಾಲಿಸಿ ಕೇಳಿದರು. "ಶಿಳ್ಳೆ ಚೆನ್ನಾಗಿದೆ," ಅಂದರು.

ಎಂಜಿನ್ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಅಷ್ಟು ನಿಧಾನದಲ್ಲಿ ಟರ್ಬೊ ಶಿಳ್ಳೆ ಹಾಕುವುದೇ ಇಲ್ಲ. ಲಾರಿ ಒಯ್ಯಲು ಬಂದಿದ್ದ ಡ್ರೈವರಣ್ಣನಿಗೂ ಅದು ಗೊತ್ತು. ಆದರೂ ಮುರಿದ ತೋಳನ್ನು ಎದೆಗೆ ಒತ್ತಿಕೊಂಡು, "ಹೌದು ಯಜಮಾನ್ರೇ, ಬೊಂಬಾಟಾಗಿದೆ," ಅಂದ.

ಇನ್ನು ನಾನು ಹೇಳಬೇಕು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅಪ್ಪ. ಶಿಳ್ಳೆ ಇನ್ನೂ ಬಂದೇ ಇಲ್ಲ."

"ಏನು?" ಅಂದರು.

ಮತ್ತೆ ಹೇಳಿದೆ. ನನ್ನ ತುಟಿಯನ್ನೇ ನೋಡುತ್ತಾ, ಸುಮ್ಮನೆ ನಗುತ್ತಾ ನಿಂತಿದ್ದರು. ಎಂಜಿನ್ ಆರಿಸಿದೆ. ಹತ್ತಿರ ಹೋಗಿ, ಭುಜ ಹಿಡಿದು, ಕಿವಿಯ ಹತ್ತಿರ ಬಾಯಿಟ್ಟು ಇನ್ನೊಮ್ಮೆ ಹೇಳಿದೆ.