ಗುಬ್ಬಿಯ ಕೈ ಹಿಡಿದವರು

ಮಾರ್ಚ್ ೯, ಭಾನುವಾರ

ಮೂರು ವಾರದಿಂದ ಫೋನ್ ಎತ್ತದೆ ಮುನಿಸಿಕೊಂಡಿರುವ ನನ್ನ ತಂಗಿಗೆ ಅಕ್ಕನ ಪ್ರೀತಿ.

ಅವತ್ತು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟವಳು, "ನನ್ನನ್ನ ಕಳ್ಳಿ ಮಾಡ್ಬಿಟ್ಟೆ ಅಕ್ಕ" ಅಂದೆ. ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. ಫೋನಿನಲ್ಲಾದರೆ ಇಬ್ಬರೂ ಅತ್ತು ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು.

ನಮ್ಮ ಗುಬ್ಬಿಗೆ ಹನ್ನೊಂದು ತುಂಬಿದರೂ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಹೋದ ವರ್ಷ ನೀನು ಎಲ್ಲೋ ಎರಡು ದಿನದ ಶಿಬಿರಕ್ಕೆ ಹೋಗಿ ಬಂದೆ. ಮಾತು ಬಾರದ ಮಕ್ಕಳ ಮಣಿಕಟ್ಟನ್ನು ಮೆತ್ತಗೆ ಹಿಡಿದುಕೊಂಡರೆ ಸಾಕು, ಅವು ಅಕ್ಷರ ತೋರಿಸಿ ಮಾತಾಡುತ್ತವೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ನಿನ್ನ ಶಿಶುವಿಹಾರದ ರಟ್ಟಿನ ಮೇಲೆ ಅಕ್ಷರ, ಕಾಗುಣಿತ ಎಲ್ಲ ಬರೆದು ತಂದೆ. ಮೂರನೇ ದಿನಕ್ಕೆ ಗುಬ್ಬಿಯ ಬೆರಳು ಬರೆಯಿತು: "ಅಮ್ಮ, ನಾನು ಒಳಗೇ ಇದ್ದೀನಿ."

ನಾವು ಮೂವರೂ ಅತ್ತೆವು. ನಿನ್ನ ಭಾವ ಅದನ್ನು ಚೀಟಿಯಲ್ಲಿ ಬರೆದುಕೊಂಡು ಯೂನಿಫಾರಂ ಜೇಬಿನಲ್ಲಿಟ್ಟುಕೊಂಡರು. ಬಸ್ಸಿನ ಕಂಡಕ್ಟರಿಗೆ, ಡಿಪೋದವರಿಗೆ, ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು.

ಆಗಲೇ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬಿದ್ದಿದ್ದವು, ನುಂಗಿಕೊಂಡೆ. ಬೆರಳು ಅಕ್ಷರದ ಮೇಲೆ ಓಡಾಡುವಾಗ ಗುಬ್ಬಿ ಫ್ಯಾನ್ ನೋಡುತ್ತಿದ್ದಳು. ನೋಡದೆ ಯಾರಾದರೂ ಅಕ್ಷರ ಹುಡುಕುತ್ತಾರೆಯೆ? ಯಾರೂ ಕಲಿಸದ ಒತ್ತಕ್ಷರಗಳನ್ನೂ ಅವಳು ತಪ್ಪಿಲ್ಲದೆ ಬರೆಯುತ್ತಿದ್ದಳು. ಕೇಳಿದ್ದಕ್ಕೆ ನೀನು, "ಅವಳು ಜಾಣೆ ಅಕ್ಕ, ನಿಮಗೇ ಗೊತ್ತಿರ್ಲಿಲ್ಲ" ಅಂದೆ. ಹೆತ್ತವರಿಗೆ ಹೆಗ್ಗಣವೂ ಮುದ್ದು. ಮಗಳು ಜಾಣೆ ಎಂದರೆ ಅಲ್ಲ ಎಂದು ವಾದಿಸುವ ತಾಯಿ ಎಲ್ಲಿದ್ದಾಳೆ?

ಜನವರಿಯಲ್ಲಿ ಅವಳು ಕೆನ್ನೆ ಕೆನ್ನೆ ಹೊಡೆದುಕೊಳ್ಳಲು ಶುರುಮಾಡಿದಳು, ಊಟ ಬಿಟ್ಟಳು. ನಿನ್ನನ್ನು ಕರೆಸಿ ಕೇಳಿಸಿದೆವು. "ನೋವಿಲ್ಲ. ಅಪ್ಪ ಜೋರಾಗಿ ಮಾತಾಡ್ತಾರೆ, ಅದಕ್ಕೆ ಕೋಪ" ಎಂದು ರಟ್ಟು ಹೇಳಿತು. ಪಾಪ, ಆ ಮನುಷ್ಯ ನಾಲ್ಕು ದಿನ ಮನೆಯಲ್ಲಿ ಪಿಸುಗುಟ್ಟಿಕೊಂಡೇ ಓಡಾಡಿದರು. ಐದನೇ ದಿನ ಮಗುವಿನ ಮುಖ ಊದಿತು. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲಿನ ಡಾಕ್ಟರಮ್ಮ, "ಇಷ್ಟು ದಿನ ಇವಳು ಹೇಗ್ರೀ ತಡ್ಕೊಂಡ್ಲು?" ಎಂದು ಕೇಳಿದಾಗ ನೆಲ ನೋಡಿದೆ. ಗುಬ್ಬಿ ತನ್ನ ಕೈಯಿಂದಲೇ ನೋವಿನ ಜಾಗ ತೋರಿಸುತ್ತಿದ್ದಳು. ನಾವು ಆ ಕೈ ಹಿಡಿದು ನಿಲ್ಲಿಸಿ, ರಟ್ಟನ್ನು ಕೇಳುತ್ತಿದ್ದೆವು.

ಆ ವಾರ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜ ಗೋಡೆಯ ಅಕ್ಷರದ ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಗಡಗಡ ಓದಿದರು. ಅಂಗಡಿಯ ಯಜಮಾನರು ಇನ್ನೊಂದು ಬೋರ್ಡ್ ಹಾಕಿಸಿದರು. ಅಜ್ಜನಿಗೆ ಎರಡನೇ ಸಾಲೂ ಕಾಣಲಿಲ್ಲ. ಆಮೇಲೆ ಯಜಮಾನರು ನನಗೆ ಹೇಳಿದರು: "ಅವರು ಸುಳ್ಳು ಹೇಳಿಲ್ಲಮ್ಮ. ಆ ಬೋರ್ಡ್ ಬಾಯಿಪಾಠ ಆಗ್ಬಿಟ್ಟಿದೆ, ಕಣ್ಣಿಗೆ ಕಾಣದ್ದನ್ನ ಮನಸ್ಸು ಓದ್ಬಿಡುತ್ತೆ. ಅವರಿಗೂ ಅದು ಗೊತ್ತಾಗಲ್ಲ. ಅದಕ್ಕೇ ಬೋರ್ಡ್ ಬದಲಾಯಿಸಿ ನೋಡೋದು."

ಹಾಗೆ ಹುಟ್ಟಿದ್ದು ಆ ಚಿತ್ರಗಳ ಆಟ. ಆಟ ಎಂದು ನಿನಗೆ ಹೇಳಿದ್ದು ನನ್ನ ತಪ್ಪು, ಅದಕ್ಕೆ ಕ್ಷಮೆ ಇರಲಿ. ಪರೀಕ್ಷಿಸಿ ನೋಡಿದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆ. ನೀನು ಗುಬ್ಬಿಯ ಮಣಿಕಟ್ಟು ಹಿಡಿದು ಕೂತಾಗ ನಿಮ್ಮಿಬ್ಬರ ನಡುವೆ ದಪ್ಪ ಫೈಲ್ ನಿಲ್ಲಿಸಿ ಇಬ್ಬರಿಗೂ ಬೇರೆ ಬೇರೆಯಾಗಿ ಚಿತ್ರ ತೋರಿಸಿದೆ. ಮೊದಲ ಮೂರು ಸಲ ಇಬ್ಬರಿಗೂ ಒಂದೇ ಚಿತ್ರ, ಮೂರೂ ಸರಿ ಬಂದವು. ಆಮೇಲೆ ಬದಲಾಯಿಸಿದೆ. ಅವಳಿಗೆ ಬಾಚಣಿಗೆ, ನಿನಗೆ ಬೀಗ. ರಟ್ಟು ಹೇಳಿದ್ದು ಬೀಗ. ಅವಳಿಗೆ ಕೊಡೆ, ನಿನಗೆ ಚಮಚ. ರಟ್ಟು ಹೇಳಿದ್ದು ಚಮಚ. ಐದು ಸಲವೂ ನೀನು ಕಂಡದ್ದೇ ಬಂತು. ಅವಳು ಕಂಡದ್ದು ಒಂದು ಸಲವೂ ಬರಲಿಲ್ಲ.

"ಆಣೆಗೂ ನಾನು ಬರೀಲಿಲ್ಲ, ಅವಳ ಕೈಯೇ ಎಳೀತು" ಅಂದೆ. ನಂಬುತ್ತೇನೆ ಕಣೇ. ನಿನ್ನ ಉಂಗುರಕ್ಕೆ ಉದ್ದನೆಯ ದಾರ ಕಟ್ಟಿ, ಬೆರಳ ತುದಿಯಲ್ಲಿ ಇಳಿಬಿಟ್ಟು, ಅಲ್ಲಾಡಿಸಬಾರದು ಅಂದುಕೊಂಡೇ 'ಸುತ್ತು, ಸುತ್ತು' ಎಂದು ನೆನೆಸಿಕೊಂಡು ನೋಡು. ಅದು ಸುತ್ತುತ್ತದೆ. ನಾನೂ ಮಾಡಿ ನೋಡಿದೆ. ಮನಸ್ಸಿನ ಆಸೆ ನಮ್ಮನ್ನು ಕೇಳದೆ ಬೆರಳಿಗೆ ಇಳಿಯುತ್ತದೆ. ನೀನು ಮೋಸ ಮಾಡಿಲ್ಲ, ಗುಬ್ಬಿಯನ್ನು ತುಂಬಾ ಪ್ರೀತಿಸಿದೆ ಅಷ್ಟೆ. ಆದರೆ ಆ ಪ್ರೀತಿಯ ಗದ್ದಲದಲ್ಲಿ ಅವಳ ಹಲ್ಲುನೋವು ನಮ್ಮ ಯಾರಿಗೂ ಕೇಳಿಸಲಿಲ್ಲ.

ನಿನ್ನ ಭಾವ ಜೇಬಿನ ಚೀಟಿ ತೆಗೆದು ಬಹಳ ಹೊತ್ತು ನೋಡಿದರು. "ಹಾಗಾದ್ರೆ ಇದನ್ನ ಹೇಳಿದ್ದು ಯಾರು?" ಎಂದು ಕೇಳಿದರು. "ಮಗಳು ಎರಡನೇ ಸಲ ಮೂಕಿಯಾದ ಹಾಗಾಯ್ತಲ್ಲೇ" ಅಂದರು. ಎರಡು ದಿನ ಡ್ಯೂಟಿಗೆ ಹೋಗಲಿಲ್ಲ. ಗೊತ್ತಿಲ್ಲದಿದ್ದರೇ ಚೆನ್ನಾಗಿತ್ತೇನೋ ಎಂದು ನನಗೂ ಅನ್ನಿಸಿತು. ಆದರೆ ಇನ್ನೊಂದು ಹಲ್ಲು ನೋಯುವ ದಿನ ಬಂದೇ ಬರುತ್ತದಲ್ಲ?

ಈಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹತ್ತಿರ ಹೋಗುತ್ತಿದ್ದೇವೆ. ಚಿತ್ರದ ಕಾರ್ಡುಗಳಲ್ಲಿ ಬೇಕಾದದ್ದನ್ನು ಅವಳೇ ಎತ್ತಿ ಕೊಡಬೇಕು, ಯಾರೂ ಕೈ ಮುಟ್ಟುವಂತಿಲ್ಲ. ಎರಡು ವಾರ ಕಾರ್ಡುಗಳನ್ನು ಎಸೆದಳು, ಒಂದನ್ನು ಅಗಿದೂ ಹಾಕಿದಳು. ಮೊನ್ನೆ ಗುರುವಾರ ನಾನು ಇಸ್ತ್ರಿ ಮಾಡುತ್ತ ರೇಡಿಯೋ ಹಾಕಿದ್ದೆ. ಬಂದವಳೇ 'ಬೇಡ' ಕಾರ್ಡನ್ನು ನನ್ನ ಅಂಗೈಗೆ ತುರುಕಿ ರೇಡಿಯೋ ತೋರಿಸಿದಳು. ಹನ್ನೊಂದು ವರ್ಷ ಆ ರೇಡಿಯೋ ಅವಳಿಗೆ ಹಿಡಿಸುತ್ತದೆ ಅಂದುಕೊಂಡಿದ್ದೆ! ಆರಿಸಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಚೀಟಿಯಲ್ಲಿ ಬರೆದಿಟ್ಟುಕೊಳ್ಳುವಂಥ ಮಾತೇನಲ್ಲ ಅದು. ಆದರೆ ಅವಳದೇ ಮಾತು.

ಕಾರ್ಡುಗಳಲ್ಲಿ ನಿನ್ನ ಫೋಟೋನೂ ಇದೆ. ನಿನ್ನೆ ಅದನ್ನು ಎತ್ತಿ ಕೊಟ್ಟಳು. ನಾನೀಗ ಸುಲಭಕ್ಕೆ ನಂಬುವವಳಲ್ಲ. ಕಾರ್ಡುಗಳನ್ನು ಕಲಸಿ, ಜಾಗ ಬದಲಿಸಿ, ನಾನು ಗೋಡೆಗೆ ಮುಖ ಮಾಡಿ ನಿಂತೆ. ನಾಲ್ಕು ಸಲದಲ್ಲಿ ಮೂರು ಸಲ ನೀನೇ ಬಂದೆ. ಒಂದು ಸಲ ಬಾಳೆಹಣ್ಣು. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಊಹಿಸಿ ಬರೆಯುವುದೂ ಇಲ್ಲ. ಕೇಳಿದವಳು ಅವಳು, ಬರಬೇಕಾದವಳು ನೀನು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಡಿಸೆಂಬರಿನಲ್ಲಿ ನೀನು ಊರಲ್ಲಿ ಇಲ್ಲದ ವಾರ, ಬಾಗಿಲು ಹಾಕಿಕೊಂಡು ನಾನೇ ಗುಬ್ಬಿಯ ಮಣಿಕಟ್ಟು ಹಿಡಿದು ಕೂತಿದ್ದೆ. "ಅಮ್ಮ, ನಾನು ಹೀಗೆ ಹುಟ್ಟಿದ್ದು ನಿನ್ನ ತಪ್ಪಲ್ಲ" ಎಂದು ಬಂತು. ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಅದನ್ನು ಬರೆದವಳು ನಾನೇ. ಪರೀಕ್ಷೆಯ ದಿನ ನಿನ್ನ ಮುಖ ನೋಡಲಾಗದೆ ತಲೆ ತಗ್ಗಿಸಿದ್ದು ಅದಕ್ಕೇ. ಬಂದಾಗ, ನಿನಗೆ ಹಾಗೆ ಅನ್ನಿಸಿದರೆ, ಆ ಮಾತನ್ನು ನಿನ್ನ ಬಾಯಿಂದಲೇ ಒಂದು ಸಲ ಹೇಳು.