ಸಿಗ್ತೈತ್ರಿ, ಸಾಹೇಬ್ರ

ಲಿಂಗಸುಗೂರು, ನವೆಂಬರ್ 11, ಸೋಮವಾರ

ಸುಳ್ಳು, ಸುಳ್ಳು, ಅಪ್ಪಟ ಸುಳ್ಳು! ಆದರೂ ಖಾಕಿಯಲ್ಲಿ ಇವರು ಎಷ್ಟು ಹ್ಯಾಂಡ್‌ಸಮ್ ಕಾಣುತ್ತಿದ್ದರು!

ಮದುವೆಯಾದಾಗಿನಿಂದ ಇವರಿಗೆ ಬರೀ ಬಂದೋಬಸ್ತ್. ಇವತ್ತು ಪ್ರವಾಸಿ ಮಂದಿರಕ್ಕೆ ಮಂತ್ರಿಗಳು ಬರುತ್ತಾರೆಂದು ತಿಳಿದದ್ದೇ, ಇವರನ್ನು ನೋಡುವ ಆಸೆಗೆ ಅತ್ತೆಯನ್ನು ಎಳೆದುಕೊಂಡು ಓಡಿದೆ.

ಪತ್ರಕರ್ತರು ಪೊಲೀಸರ ಸಂಬಳ, ರಜೆ ಎಲ್ಲಾ ಕೇಳಿದರು. "ವಾರಕ್ಕೊಂದು ರಜೆ ಕೊಡುತ್ತಿದ್ದೇವೆ," ಎಂದ ಮಂತ್ರಿಗಳು, ಹಿಂದೆ ನಿಂತಿದ್ದ ಇವರತ್ತಲೇ ತಿರುಗಿದರು. "ಏನಪ್ಪಾ, ಸಿಗುತ್ತಲ್ಲ?"

ಇವರು ಗುಂಪಿನಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಸೆಲ್ಯೂಟ್ ಹೊಡೆದು, "ಸಿಗ್ತೈತ್ರಿ, ಸಾಹೇಬ್ರ" ಎಂದರು.

"ಸಿಕ್ಕ ರಜಾ ಎಲ್ಲಿ ಕಳೀತಾನಂತ ಕೇಳ ಬೇ," ಎಂದು ಅತ್ತೆ ನನ್ನ ಪಕ್ಕೆ ತಿವಿದರು. ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ.

ಇವರು ಜೀಪು ಹತ್ತುವಾಗ ಹತ್ತಿರ ಹೋಗಿ, "ಇವತ್ತರ ಮನಿಗೆ ಬರ್ತೀರೇನ್ರೀ?" ಎಂದು ಕೇಳಿದೆ.

"ಮಸ್ಕಿಯೊಳಗ ಬಂದೋಬಸ್ತ್ ಐತಿ. ನೀ ಉಂಡು ಮಲಕ್ಕೊ," ಎಂದರು. ತಲೆ ಎತ್ತಲಿಲ್ಲ.

ಉಂಡೆ. ಮಲಗಲು ಆಗುತ್ತಿಲ್ಲ. ಈ ಕೋಣೆ ನನ್ನೊಬ್ಬಳಿಗೆ ತೀರಾ ದೊಡ್ಡದು. ಸಿಟ್ಟಾದರೂ ಬರಬಾರದೇ! ನನ್ನ ಮುಖ ನೋಡಿದ ಮೇಲೂ ಹಾಗೆ ಹೇಳಬೇಕಾಯಿತಲ್ಲ, ಪಾಪ.

ಬಂದಾಗ ರಜೆಯ ಮಾತು ಎತ್ತಲೇಬಾರದು. ಬಂದಾಗ, ಮೊದಲು... ಛೀ, ಅದನ್ನೆಲ್ಲ ಇಲ್ಲಿ ಬರೆಯುವುದೇ!